ಐದರಿಂದ ಶುರು

ಹುರಿದ ಶೇಂಗಾದ ವಾಸನೆ ಬಂದರೆ, ಬಾಯಲ್ಲಿ ನೀರೂರುವ ಮೊದಲೇ ನನಗೆ ಇವತ್ತಿಗೂ ಕಾಕಾನ ಮೇಲೆ ಸಂಶಯ ಬರುತ್ತದೆ.

ಕಾಕಾ ಧಾರವಾಡದಲ್ಲಿ ಗಣಿತದ ಮಾಸ್ತರ. ರಜೆಯ ಒಂದು ಮಧ್ಯಾಹ್ನ ಶೇಂಗಾ ಉಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ನ್ಯಾಯಾಧೀಶರ ಗಾಂಭೀರ್ಯದಿಂದ ಪಂಥ ಕಟ್ಟಿದ.

"ಒಂದು ಸಂಖ್ಯಾ ಹಿಡಿ. ಅದರ ಕೆಳಗಿನವನ್ನೆಲ್ಲ ಗುಣಿಸು. ಬಂದದ್ದನ್ನ ಅದೇ ಸಂಖ್ಯಾದಿಂದ ಭಾಗಿಸು. ಶೇಷ ಉಳಿದ್ರ ಅದು ಅವಿಭಾಜ್ಯ, ಒಡೀಲಾರದ ಸಂಖ್ಯಾ. ಉಳೀಲಿಲ್ಲಂದ್ರ ಅಲ್ಲ. ಸುಳ್ಳಂತ ತೋರಿಸಿದ್ರ ಡಬ್ಬಿ ನಿಂದ. ಐದರಿಂದ ಶುರು ಮಾಡು."

ಐದು ಹಿಡಿದೆ. ಒಂದರಿಂದ ನಾಲ್ಕರವರೆಗೆ ಗುಣಿಸಿದರೆ ಇಪ್ಪತ್ನಾಲ್ಕು; ಐದರಿಂದ ಭಾಗಿಸಿದರೆ ಶೇಷ ಉಳಿಯಿತು. ಆರಕ್ಕೆ ಉಳಿಯಲಿಲ್ಲ. ಏಳಕ್ಕೆ ಬಳಪದಿಂದ ಬರೆಯಲು ಪಾಟಿಯಲ್ಲಿ ಜಾಗ ಸಾಲಲಿಲ್ಲ, ಆದರೂ ಕಾಕಾ ಹೇಳಿದ್ದೇ ಖರೆಯಾಯಿತು.

"ಐದರಿಂದ, ಹಾಂ," ಎಂದು ಕಾಕಾ ಮತ್ತೆ ಹೇಳಿದ. ಹೇಳಿದ್ದನ್ನು ಇನ್ನೊಮ್ಮೆ ಹೇಳುವ ಮನುಷ್ಯನೇ ಅಲ್ಲ ಅವನು.

"ಐದರಿಂದನ ಯಾಕ ಕಾಕಾ?"

"ಸಣ್ಣ ಸಂಖ್ಯಾ ಸಣ್ಣ ಹುಡುಗರಿಗೆ."

ಜೋಳ ಹಸನು ಮಾಡುತ್ತಿದ್ದ ಅಜ್ಜಿ, "ಏನೋ ಮುಚ್ಚಿಟ್ಟಾನ ನೋಡವಾ," ಎಂದಳು.

ನಾಲ್ಕು ಹಿಡಿದೆ. ಒಂದು, ಎರಡು, ಮೂರು ಗುಣಿಸಿದರೆ ಆರು. ನಾಲ್ಕರಿಂದ ಭಾಗಿಸಿದರೆ ಎರಡು ಉಳಿಯಿತು.

"ನಾಲ್ಕು ಅಂದ್ರ ಎರಡೆರಡ್ಲೆ! ಅದೆಲ್ಲಿಯ ಅವಿಭಾಜ್ಯ?" ಎಂದು ಕೂಗಿದೆ.

ಕಾಕಾ ಶಾಸ್ತ್ರೋಕ್ತವಾಗಿ ದುಃಖಪಟ್ಟ. "ದಾರಿ ತಪ್ಪಿದ್ದು ಅದೊಂದ ನೋಡವಾ. ಮುಂದ ಎಷ್ಟು ಹುಡುಕಿದ್ರೂ ಸಿಗಂಗಿಲ್ಲ," ಎಂದು ಡಬ್ಬಿ ಕೊಟ್ಟ.

ಅಜ್ಜಿ ಚಮಚದಿಂದ ಮೀಟದೆ ಎಂದೂ ತೆರೆಯದ ಆ ಮುಚ್ಚಳವನ್ನು ಯಾರೋ ಮೊದಲೇ ಸಡಿಲಿಸಿಟ್ಟಿದ್ದರು. ಉಂಡಿಗಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.