ಖಾಲಿ ಬಿಡುವಂತಿಲ್ಲ

ಬಾಲಮಂದಿರದ ಮಕ್ಕಳಿಗೆ ಹೊಸ ಗುರುತಿನ ಚೀಟಿ ಕೊಡುವ ಸಾಫ್ಟ್‌ವೇರ್ ಕೆಲಸ ಮಂದಾಕಿನಿಯ ಪಾಲಿಗೆ ಬಂದಿತ್ತು. ಏನೇನು ಬೇಕೆಂದು ಅವಳು ಆ ಮಕ್ಕಳನ್ನೇ ಹೋಗಿ ಕೇಳಿದಳು. ಅವರಿಗೆ ಬೇಕಾದದ್ದು ಒಂದೇ: ಚೀಟಿಯಲ್ಲಿ ತಂದೆಯ ಹೆಸರಿನ ಕಾಲಂ ಇರಬಾರದು.

“ಆಗಲ್ಲಮ್ಮ,” ಎಂದರು ಮ್ಯಾನೇಜರ್ ಶ್ರೀಕಂಠಸ್ವಾಮಿ. “ಹಳೇ ಸಿಸ್ಟಮ್ ಮೇಲೇ ತಾನೇ ಹೊಸದನ್ನ ಕೂರಿಸ್ತಿರೋದು? ಆ ಕಾಲಂ ಖಾಲಿ ಬಿಟ್ರೆ ಅದು ಮುಂದಕ್ಕೇ ಹೋಗಲ್ಲ.”

“ಅಪ್ಪ ಯಾರಂತ ಗೊತ್ತಿಲ್ಲದ ಮಕ್ಕಳು ಸರ್. ಈಗಿನ ಚೀಟೀಲಿ ‘ಗೊತ್ತಿಲ್ಲ’ ಅಂತ ಅಚ್ಚು ಹಾಕಿದಾರೆ. ಸ್ಕೂಲಲ್ಲಿ ಒಬ್ಬ ಹುಡುಗೀನ ‘ಏ ಗೊತ್ತಿಲ್ಲ’ ಅಂತಾನೇ ಕರೀತಾರಂತೆ.”

“ಅದಕ್ಕೆ ಇಡೀ ಸಿಸ್ಟಮ್ ಬದಲಾಯಿಸೋಕಾಗುತ್ತಾ? ಮಕ್ಕಳೇ ಹೊಂದ್ಕೋಬೇಕು. ಬೇಕಿದ್ರೆ ಯಾವುದಾದ್ರೂ ಹೆಸರು ಹಾಕಿ. ಯಾರದ್ದು ಅಂತ ಸಿಸ್ಟಮ್ ಕೇಳುತ್ತಾ?”

“ಯಾವ ಹೆಸರಾದ್ರೂ ನಡೆಯುತ್ತಾ ಸರ್?”

“ನಡೆಯುತ್ತೆ ಕಣಮ್ಮ. ನಾಳೆ ಡೆಮೊ ಇದೆ, ತಲೆ ತಿನ್ಬೇಡಿ.”

ಮಂದಾಕಿನಿ ಕೂತು ಸಿಟ್ಟಿನಲ್ಲೇ ಕೀಬೋರ್ಡ್ ಕುಟ್ಟಿದಳು.

ಮರುದಿನ ಇಲಾಖೆಯ ಅಧಿಕಾರಿಗಳೆದುರು ಮ್ಯಾನೇಜರ್ ತಾವೇ ಎದ್ದು ನಿಂತು, ಪರದೆಯ ಮೇಲೆ ಒಂದೊಂದೇ ಚೀಟಿ ತೋರಿಸತೊಡಗಿದರು. ಚೀಟಿಯಿಂದ ಚೀಟಿಗೆ ಮಗುವಿನ ಮುಖ ಬದಲಾಗುತ್ತಿತ್ತು, ಮಗುವಿನ ಹೆಸರು ಬದಲಾಗುತ್ತಿತ್ತು. ತಂದೆಯ ಹೆಸರು ಮಾತ್ರ ಎಲ್ಲದರಲ್ಲೂ ಶ್ರೀಕಂಠಸ್ವಾಮಿ.

ಹಿರಿಯ ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. “ಇಷ್ಟೂ ಮಕ್ಕಳು ನಿಮ್ಮವೇನ್ರೀ?”

“ಆ ಕಾಲಂ ತೆಗೀರಿ ಮೊದ್ಲು!” ಎಂದು ಮ್ಯಾನೇಜರ್ ಹಿಂದೆ ಕೂತಿದ್ದ ಮಂದಾಕಿನಿಯತ್ತ ಕಿರುಚಿದರು.

“ಆಗಲ್ಲ ಸರ್,” ಎಂದಳು ಮಂದಾಕಿನಿ. “ನೀವೇ ಹೊಂದ್ಕೋಬೇಕು.”