ಹಗಲು ಹೇಳಿದ ಕಥೆ

ಚಾಪೆಯ ಮೇಲೆ ಇಪ್ಪತ್ತು ಮಕ್ಕಳು ಬಂದು ಕುಳಿತು ಹತ್ತು ನಿಮಿಷವಾಗಿತ್ತು. ಕಥೆ ಹೇಳಬೇಕಾದ ಶಶಿಪ್ರಭಾ ಇನ್ನೂ ಶುರು ಮಾಡಿರಲಿಲ್ಲ. ಬಂದರಿನ ಬಳಿಯ ಆ ಲೈಬ್ರರಿಯಲ್ಲಿ ಶನಿವಾರ ಮೂರು ಗಂಟೆಗೆ ಮಕ್ಕಳಿಗೆ ಕಥೆ. ಕಳೆದ ವಾರದ ಕಥೆ ಅರ್ಧಕ್ಕೇ ನಿಂತಿತ್ತು. ತಾಯಿಯ ಒಲೆ ಆರಿಹೋಯಿತೆಂದು ಕಾಡಿನಾಚೆಯಿಂದ ಬೆಂಕಿ ತರಲು ಹೋದ ಹುಡುಗ, ಉರಿಯುವ ಕೊಳ್ಳಿ ಹಿಡಿದು ಬರುತ್ತ ಬರುತ್ತ, ಮೂರು ದಾರಿ ಕೂಡುವಲ್ಲಿ ದಿಕ್ಕು ತೋಚದೆ ನಿಂತುಬಿಟ್ಟಿದ್ದ. ಅಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಗಿತ್ತು.

“ಇವತ್ತು ಪುಸ್ತಕದಿಂದ ಬೇರೆ ಒಂದು ಓದ್ತೇನೆ,” ಎಂದಳು ಶಶಿಪ್ರಭಾ.

“ಬೇಡ ಅಕ್ಕ,” ಎಂದ ಮುಂದೆ ಕುಳಿತ ವಿಲ್ಲಿ. “ಓದುವುದು ಶಾಲೆಯಲ್ಲಿ ಉಂಟಲ್ಲ.”

ಓದಿದರೆ ದೋಷವಿಲ್ಲ, ಬಾಯಿಂದ ಹೇಳುವುದಕ್ಕೆ ಮಾತ್ರ ಹೊತ್ತುಗೊತ್ತು ಉಂಟು ಎಂದು ಅಜ್ಜಿ ರತ್ನಾವತಿ ಯಾವಾಗಲೂ ಹೇಳುವವಳು. ದೀಪ ಹಚ್ಚುವ ಮೊದಲು ಕಥೆ ಹೇಳಿದರೆ ಹೇಳಿದವರ ಸೋದರಮಾವ ದಾರಿ ತಪ್ಪುತ್ತಾನೆ. ತಾಯಿಯ ಕಡೆಯಿಂದ ಮನೆತನ ನಡೆಯುವ ಅಳಿಯಸಂತಾನದ ಮನೆಯಲ್ಲಿ ಮಾವನೆಂದರೆ ಸುಮ್ಮನೆಯೇ? ಶಶಿಪ್ರಭಾಳಿಗೆ ಸ್ಲೇಟು ಹಿಡಿಸಿದವನೂ ಜಯಪಾಲ ಮಾವ, ಕಾಲೇಜಿಗೆ ಹಾಕಿದವನೂ ಅವನೇ. ಅದಕ್ಕೇ ಮೊದಲ ಎರಡು ಶನಿವಾರ ಅವಳು ಜಾಗ್ರತೆಯಿಂದ ಪುಸ್ತಕ ಹಿಡಿದೇ ಓದಿದಳು. ಮಕ್ಕಳು ಆಕಳಿಸಿದರು, ಒಂದಿಬ್ಬರು ಅಲ್ಲೇ ಒರಗಿ ನಿದ್ದೆಹೋದರು. ಮೂರನೆಯ ವಾರ, ಅಂದರೆ ಕಳೆದ ಶನಿವಾರ, ಅವಳಿಗೆ ಏನು ಅನಿಸಿತೋ, ಪುಸ್ತಕ ಮಡಚಿಟ್ಟು ಅಜ್ಜಿಯ ಕಥೆ ಎತ್ತಿಕೊಂಡಳು. ಇಪ್ಪತ್ತು ಜೊತೆ ಕಣ್ಣು ಅರಳಿದ್ದು ಕಂಡು ಹೊರಗೆ ಬಿಸಿಲಿದೆ ಎಂಬುದನ್ನೇ ಮರೆತಳು. ಅದೇ ಹೊತ್ತಿಗೆ, ಎರಡು ಬೀದಿ ಆಚೆ, ಜಯಪಾಲ ಮಾವ ಹಂಚು ಹೇರಿದ ಹಾಯಿಮಂಜಿ ಎಂಬ ಸರಕಿನ ದೋಣಿ ಹತ್ತಿ ಕಾರವಾರಕ್ಕೆ ಹೊರಟಿದ್ದ.

ಬುಧವಾರ ಕಾರವಾರ ಮುಟ್ಟಿ ತಂತಿ ಕಳಿಸಬೇಕಿತ್ತು. ಮಂಗಳವಾರ ರಾತ್ರಿ ಗಾಳಿ ಎದ್ದಿತು. ಇಂದು ಶನಿವಾರ. ಕುಲಶೇಖರದಲ್ಲಿರುವ ಮನೆಯ ಜಗಲಿಯಲ್ಲಿ ಅಜ್ಜಿ ಪೋಸ್ಟಿನವನ ಸೈಕಲ್ಲಿಗೆ ಕಿವಿಗೊಟ್ಟು ಕುಳಿತಿದ್ದಾಳೆ. ಮೊಮ್ಮಗಳು ಮಾಡಿದ್ದು ಅವಳಿಗೆ ಗೊತ್ತಿಲ್ಲ. ಹೇಳುವ ಧೈರ್ಯ ಶಶಿಪ್ರಭಾಳಿಗಿಲ್ಲ. ಈಗ ಕಥೆ ಮುಂದುವರಿಸಿದರೆ ಮತ್ತೆ ಹಗಲು. ಬಿಟ್ಟರೆ ಆ ಹುಡುಗ ಮೂರು ದಾರಿಯ ನಡುವೆ ನಿಂತೇ ಇರುತ್ತಾನೆ. ಅವನು ನಿಂತಷ್ಟು ದಿನ ಮಾವನೂ ನಡುನೀರಿನಲ್ಲಿ ನಿಂತಂತೆ ಅವಳಿಗೆ ಕಾಣುತ್ತಿತ್ತು.

“ಕಿಟಕಿ ಮುಚ್ಚಿ,” ಎಂದಳು ಕೊನೆಗೆ. “ಎಲ್ಲ ಮುಚ್ಚಿ. ರಾತ್ರಿ ಮಾಡುವ.”

ಮಕ್ಕಳಿಗೆ ಅಷ್ಟೇ ಸಾಕಾಯಿತು. ಮರದ ಕಿಟಕಿಗಳು ಧಡಧಡ ಮುಚ್ಚಿಕೊಂಡವು. ಮಾಡಿನ ಗಾಜಿನ ಹಂಚಿನಿಂದ ಒಂದು ತುಂಡು ಬಿಸಿಲು ಮಾತ್ರ ನೆಲದ ಮೇಲೆ ಉಳಿಯಿತು. ಅದನ್ನು ಕಂಡು ಶಶಿಪ್ರಭಾಳ ಮುಖ ಸಣ್ಣಗಾದದ್ದು ನೋಡಿ ಪುಟ್ಟ ಅಪ್ಪಿ, ಆ ಬಿಸಿಲನ್ನು ಚಂದ್ರ ಅಂತ ಇಟ್ಟುಕೊಳ್ಳುವ ಎಂದು ತೀರ್ಪು ಕೊಟ್ಟಳು. ಇನ್ನು ತೆರೆದಿದ್ದದ್ದು ಪೇಪರಿನ ಮೇಜಿನ ಪಕ್ಕದ ಕಿಟಕಿ ಒಂದೇ. ಅಲ್ಲಿ ನೂರ್ ಮುಹಮ್ಮದ್ ಎಂಬ ಮುದುಕರು ಬೆಳಿಗ್ಗೆಯಿಂದ ಒಂದೇ ಪುಟ ಹಿಡಿದು ಕುಳಿತಿದ್ದರು.

“ಹಗಲಿಗೇ ಕತ್ತಲೆ ಮಾಡ್ಲಿಕ್ಕೆ ಇದೆಂತ ಟಾಕೀಸಾ?” ಎಂದು ಅವರು ಗದರಿದರು.

ಗದ್ದಲಕ್ಕೆ ಲೈಬ್ರರಿಯನ್ ಮೋಹನದಾಸರೂ ಎದ್ದು ಬಂದರು. ಬಚ್ಚಿಟ್ಟು ಪ್ರಯೋಜನವಿಲ್ಲವೆಂದು ಶಶಿಪ್ರಭಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಅಜ್ಜಿಯ ಮಾತು, ಮಾವ, ಬಾರದ ತಂತಿ. ಮೋಹನದಾಸರು ನಕ್ಕುಬಿಟ್ಟರು.

“ಬಿ.ಎ. ಓದುವವಳಲ್ವಾ ಮಾರಾಯ್ತಿ ನೀನು? ಕಥೆಗೂ ಮಂಜಿಗೂ ಎಂತ ಸಂಬಂಧ?”

“ಯಾವ ಮಂಜಿ?” ಎಂದು ಮೇಜಿನ ಕಡೆಯಿಂದ ಕೇಳಿಸಿತು.

“ಕಳೆದ ಶನಿವಾರ ಹಂಚು ಹೇರಿ ಕಾರವಾರಕ್ಕೆ ಹೋದದ್ದು,” ಎಂದಳು.

ನೂರ್ ಮುಹಮ್ಮದ್ ಪೇಪರನ್ನು ನಾಲ್ಕಾಗಿ ಮಡಚಿದರು. “ಅದರ ಚುಕ್ಕಾಣಿ ಹಿಡಿದದ್ದು ನನ್ನ ಮಗ,” ಎಂದರು.

ಮೋಹನದಾಸರ ನಗು ಅಲ್ಲೇ ನಿಂತಿತು. ಮುದುಕರು ಎದ್ದು, ಪಕ್ಕದ ಕಿಟಕಿಯನ್ನು ತಾವೇ ಎಳೆದು ಚಿಲಕ ಹಾಕಿ, ಬಂದು ಮಕ್ಕಳ ಚಾಪೆಯ ಅಂಚಿನಲ್ಲಿ ಕುಳಿತರು.

ಕತ್ತಲಿನಲ್ಲಿ ಶಶಿಪ್ರಭಾ ಹುಡುಗನನ್ನು ಮೂರು ದಾರಿಯಿಂದ ಮುಂದಕ್ಕೆ ನಡೆಸಿದಳು. ಅವನು ಎಡಕ್ಕೆ ಹೋದ, ಹುತ್ತ ಸಿಕ್ಕಿತು. ಬಲಕ್ಕೆ ಹೋದ, ಹೊಳೆ ಸಿಕ್ಕಿತು. ಕೈಯ ಕೊಳ್ಳಿ ಬೆರಳು ಸುಡುವಷ್ಟು ಗಿಡ್ಡವಾಯಿತು. ಇಲ್ಲಿಗೆ ಬಂದು ಅವಳು ಕಥೆ ನಿಲ್ಲಿಸಿದಳು. ಏಕೆಂದರೆ ಅಜ್ಜಿಯ ಕಥೆಯಲ್ಲಿ ಆ ಹುಡುಗ ಮನೆಗೆ ಬರುವುದೇ ಇಲ್ಲ; ಇಂದಿಗೂ ಕಾಡಿನಲ್ಲಿ ಅಲೆಯುವ ಕೊಳ್ಳಿಬೆಳಕು ಅವನದೇ ಎಂದು ಹೇಳಿ ಅಜ್ಜಿ ನಿಟ್ಟುಸಿರು ಬಿಟ್ಟು ಮಲಗಿಬಿಡುತ್ತಿದ್ದಳು. ಹುಟ್ಟಿದ ಮೇಲೆ ಆ ಕಥೆಯ ಒಂದು ಮಾತನ್ನೂ ಶಶಿಪ್ರಭಾ ಅತ್ತಿತ್ತ ಮಾಡಿದವಳಲ್ಲ.

ಮಕ್ಕಳು ಚಾಪೆಯ ಮೇಲೆ ಇನ್ನಷ್ಟು ಮುಂದಕ್ಕೆ ಸರಿದರು.

“ಆಗ,” ಎಂದಳು, “ತಾಯಿ ಅಂಗಳಕ್ಕೆ ಬಂದು ಒಂದು ಕೂಗು ಹಾಕಿದಳು. ಹುಡುಗ ಓಗೊಟ್ಟ. ಅವಳು ಮತ್ತೆ ಕೂಗಿದಳು, ಅವನು ಮತ್ತೆ ಓಗೊಟ್ಟ. ಕೂಗಿನ ಎಳೆ ಹಿಡಿದುಕೊಂಡು ಬಂದ, ಬಂದ, ಮನೆ ಮುಟ್ಟಿದ.”

ಮಕ್ಕಳು ಚಪ್ಪಾಳೆ ತಟ್ಟಿದರು. ಸದ್ದೆಲ್ಲ ಅಡಗುವ ತನಕ ಕಾದು ನೂರ್ ಮುಹಮ್ಮದ್ ಮೆಲ್ಲನೆ ಕೇಳಿದರು:

“ಎಷ್ಟು ಗಂಟೆಗೆ ಮುಟ್ಟಿದ, ಮಗಳೇ?”