ಆಕಾಶಕ್ಕೆ ಟಚಿಂಗ್

“ಒಂದು ಕಲೆ ಮಾತ್ರ ಹೋಗ್ಲಿಲ್ಲ ಸಾರ್, ಬೇಜಾರು ಮಾಡ್ಕೋಬೇಡಿ,” ಎನ್ನುತ್ತ ಷರೀಫ್ ಸಾಹೇಬರು ಫೋಟೊವನ್ನು ಸ್ಟುಡಿಯೋದ ಗಾಜಿನ ಮೇಜಿನ ಮೇಲಿಟ್ಟರು.

ವಿಜ್ಞಾನದ ಮೇಷ್ಟ್ರು ಕೋನಪ್ಪ ಬಗ್ಗಿ ನೋಡಿದರು. ತಾವೇ ಜೋಡಿಸಿದ ದೂರದರ್ಶಕಕ್ಕೆ ಕ್ಯಾಮೆರಾ ಬಿಗಿದು, ತಾರಸಿಯ ಮೇಲೆ ಮುಕ್ಕಾಲು ಗಂಟೆ ಕಣ್ಣು ಕೀಳದೆ ಕೂತು ತೆಗೆದ ದೇವಯಾನಿ ಗೆಲಾಕ್ಸಿಯ ಚಿತ್ರ. ಸುತ್ತ ನೂರಾರು ನಕ್ಷತ್ರಗಳಿರಬೇಕಿತ್ತು. ಒಂದೂ ಇರಲಿಲ್ಲ. ಕಾಡಿಗೆಯಂಥ ಕಪ್ಪಿನ ನಡುವೆ ಗೆಲಾಕ್ಸಿಯೊಂದೇ ಮಸುಕಾಗಿ ಕೂತಿತ್ತು.

“ಚುಕ್ಕಿಗಳೆಲ್ಲ ಎಲ್ಲಿ ಸಾಬ್ರೇ?”

“ಧೂಳಾ ಸಾರ್? ಒಂದೊಂದನ್ನೂ ಬ್ರಷ್ಷಲ್ಲಿ ಮುಚ್ಚಿದೀನಿ. ಎರಡು ದಿನ ಹಿಡೀತು. ಈ ದೊಡ್ಡದಕ್ಕೆ ಅಂಚೇ ಸಿಗಲ್ಲ, ಬಿಟ್ಟೆ. ನಮ್ಮ ಮಗಳು ನೂರುನ್ನೀಸಾಗೆ ಪಾಠ ಹೇಳ್ದೋರು ನೀವು, ನಿಮಗೆ ಧೂಳು ಹಿಡಿದ ಫೋಟೊ ಕೊಡೋಕಾಗುತ್ತಾ?”

ಶಿಡ್ಲಘಟ್ಟದಿಂದ ಗಂಡಿನ ಕಡೆಗೆ ಹೋಗುವ ಫೋಟೊಗಳಲ್ಲಿ ಮೊಡವೆ, ಸಿಡುಬಿನ ಕಲೆಗಳನ್ನು ಟಚಿಂಗ್ ಮಾಡಿ ಮಾಯ ಮಾಡುತ್ತಿದ್ದ ಕೈ ಅದು. ಕೋನಪ್ಪ ಬೈಯಲು ಬಾಯಿ ತೆರೆದರು. ಸಾಹೇಬರ ಬೆರಳ ತುದಿಯಲ್ಲಿ ಇನ್ನೂ ಹೋಗದ ಕಪ್ಪು ಮಸಿ ಕಂಡು ಮುಚ್ಚಿದರು.

ಪಕ್ಕದಲ್ಲೇ ಹೆಂಡತಿ ರಾಮಲಕ್ಷ್ಮಮ್ಮ ನಿಂತಿದ್ದರು. ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗಳನ್ನು ಒಣಗಿಸಲು ಅವರಿಗೆ ತಾರಸಿ ಬೇಕಿತ್ತು. ಬೇರೆ ಕಡೆ ಪ್ರಿಂಟ್ ಹಾಕಿಸಿದ್ದ ಹಿಂದಿನ ಮೂರು ಫೋಟೊಗಳನ್ನೂ “ಎಳ್ಳು ಚೆಲ್ಲಿದಂಗಿದೆ” ಎಂದು ವಾಪಸು ಕೊಟ್ಟಿದ್ದರು. ಈ ಸಲವೂ ಏನೂ ಕಾಣದಿದ್ದರೆ ದೂರದರ್ಶಕವನ್ನು ಕೆಳಗಿಳಿಸುವುದು ಎಂದು ಮಾತಾಗಿತ್ತು.

ಅವರು ಫೋಟೊ ಎತ್ತಿ ಬಾಗಿಲ ಬೆಳಕಿಗೆ ಹಿಡಿದರು.

“ಏನ್ರೀ, ಇದೇನಾ ನೀವು ಹೇಳ್ತಿದ್ದಿದ್ದು? ಮಧ್ಯೆ ಉಂಡೆ, ಸುತ್ತ ಹೊಗೆ ಥರ?”

“ಅದೇ ಕಣೇ.”

“ಮೊದಲೇ ಹಿಂಗೆ ತೆಗೆಯೋಕೆ ಏನಾಗಿತ್ತು ನಿಮಗೆ? ಎಷ್ಟು ಚೆನ್ನಾಗಿ ಕಾಣ್ತದೆ.” ಇನ್ನೂ ಸ್ವಲ್ಪ ಹೊತ್ತು ನೋಡಿದರು. “ಇರ್ಲಿ ಬಿಡಿ. ಚಂದ್ರಂಕಿ ಹಿತ್ತಲಲ್ಲೇ ಒಣಗಿಸ್ತೀನಿ.”

ಕೋನಪ್ಪನವರಿಗೆ ಉಸಿರು ಬಂತು. ಷರೀಫ್ ಸಾಹೇಬರ ಮುಖ ಮಾತ್ರ ಬಾಡಿತು.

“ಆ ಕಲೆದೇ ಫೋಟೊ ತೆಗೆದಿದ್ದಾ ಸಾರ್ ನೀವು? ಹಂಗಾದ್ರೆ ನಾನು ಮುಚ್ಚಿದ್ದೇನು?”

“ನಕ್ಷತ್ರ ಸಾಬ್ರೇ.”

“ಅವೂ ಈ ಕಲೆಯಷ್ಟೇ ದೂರದವಾ?”

“ಇಲ್ಲ, ಇಲ್ಲ. ಇದು ಬೇರೆ ಗೆಲಾಕ್ಸಿ. ನೀವು ಮುಚ್ಚಿದ್ದೆಲ್ಲ ನಮ್ಮ ಗೆಲಾಕ್ಸಿಯವು. ಆಚೆ ನೋಡೋಕೆ ಹೋದ್ರೆ ಅಡ್ಡ ಬರ್ತವೆ.”

ಸಾಹೇಬರು ನೆಮ್ಮದಿಯಿಂದ ಬ್ರಷ್ಷನ್ನು ನೀರಿಗದ್ದಿದರು.

“ಹಂಗಾದ್ರೆ ನಮ್ಮನೆ ಧೂಳೇ ಅನ್ನಿ ಸಾರ್.”